ಎಡಗಣ್ಣಿಗೊಂದು ಆಟಿಕೆ

ಆಟಿಕೆ ಅಂಗಡಿಯವರಿಗೂ ನನಗೂ ಆಗಿಬರುವುದಿಲ್ಲ. ಡಬ್ಬಿ ಬಿಚ್ಚದೆ ನಾನು ಏನನ್ನೂ ಕೊಳ್ಳುವುದಿಲ್ಲ, ಬಿಚ್ಚಲು ಅವರು ಬಿಡುವುದಿಲ್ಲ. ಡಬ್ಬಿಯ ಮೇಲೆ ಗುಂಗುರು ಕೂದಲಿನ ಹುಡುಗನೊಬ್ಬ ಬಿಳಿ ಕೋಟು ಹಾಕಿಕೊಂಡು, ಹೊಗೆಯಾಡುವ ಗಾಜಿನ ಶೀಶೆ ಹಿಡಿದು, ಜಗತ್ತನ್ನೇ ಗೆದ್ದವನ ಹಾಗೆ ನಗುತ್ತಿರುತ್ತಾನೆ. ಒಳಗೆ ನೋಡಿದರೆ ಎರಡು ಪ್ಲಾಸ್ಟಿಕ್ ಲೋಟ, ಒಂದು ಬಲೂನು, ಒಂದು ಪೊಟ್ಟಣ ಅಡುಗೆ ಸೋಡಾ. ಸೋಡಾ ನನ್ನ ಅಡುಗೆಮನೆಯಲ್ಲೇ ಇದೆ. ಆ ಹುಡುಗನ ನಗು ಮಾತ್ರ ಡಬ್ಬಿಯಲ್ಲಿ ಬರುವುದಿಲ್ಲ.

ಆ ವರ್ಷ ನಾನು ಅಂಗಡಿ ಅಂಗಡಿ ತಿರುಗಿದ್ದು ಮೋಜಿಗಲ್ಲ. ಕೊಪ್ಪಳದ ಪೇಟೆಯಲ್ಲಿ ಮೊದಲ ಅಂಗಡಿಯವನು ಗಲ್ಲಾದಲ್ಲಿ ಕುಳಿತಲ್ಲಿಂದಲೇ ಕೇಳಿದ.

"ಎಷ್ಟ ವರ್ಷದ ಹುಡುಗಗ್ರಿ ಅಕ್ಕಾರ?"

"ಹುಡುಗ ಅಲ್ಲ, ಹುಡುಗಿ. ಏಳು ವರ್ಷ."

"ಹಂಗಾರ ಈ ಕಡೆ ಬರ್ರಿ. ಅಡಿಗಿ ಸೆಟ್ ಭಾಳ ಛಲೋ ಬಂದಾವು. ಸಣ್ಣ ಕುಕ್ಕರ್ ಸೈತ ಐತಿ."

"ಅಡಿಗಿ ನಮ್ಮ ಮನ್ಯಾಗ ಹೆಂಗೂ ಕಲೀತಾಳ. ನನಗ ಒಂದ ಕಣ್ಣಿಲೆ ನೋಡೂ ಆಟದ ಸಾಮಾನ ಬೇಕು. ವಿಜ್ಞಾನದ್ದು."

ಅವನು ನನ್ನನ್ನೇ ಒಂದು ಕ್ಷಣ ನೋಡಿದ. ತಲೆ ಸರಿ ಇದೆಯೋ ಇಲ್ಲವೋ ಅನ್ನುವ ನೋಟ ಅದು. ನಾನು ಬಿಡಿಸಿ ಹೇಳುವ ತಾಳ್ಮೆಯಲ್ಲಿ ಇರಲಿಲ್ಲ, ಹೊರಟುಬಂದೆ.

ಬಿಡಿಸಿ ಹೇಳುವುದಾದರೆ ಇಷ್ಟು. ನನ್ನ ಮಗಳ ಎಡಗಣ್ಣು ನೋಡಲು ಬಲಗಣ್ಣಿನಷ್ಟೇ ಚೆಂದ. ಕಪ್ಪು ಗುಡ್ಡೆ, ಉದ್ದ ರೆಪ್ಪೆ, ಎಲ್ಲ ಇದೆ. ಆದರೆ ಅದು ಏನನ್ನೂ ಸರಿಯಾಗಿ ನೋಡುತ್ತಿರಲಿಲ್ಲ, ಮತ್ತು ಅದು ನಮಗೆ ಯಾರಿಗೂ ಗೊತ್ತಿರಲಿಲ್ಲ. ಎರಡು ಕಣ್ಣಿದ್ದ ಮಗು ಒಂದರಲ್ಲೇ ಓಡಾಡಿ, ಆಡಿ, ಓದಿ, ಬರೆದು ದಿನ ಕಳೆಯುತ್ತಿತ್ತು. ಶಾಲೆಗೆ ಕಣ್ಣು ತಪಾಸಣೆಗೆ ಬಂದವರು ಚೀಟಿ ಬರೆದುಕೊಟ್ಟ ಮೇಲೆ ಗಂಗಾವತಿಯ ಡಾಕ್ಟರರ ಬಳಿ ಓಡಿದೆವು. ಅವರು ತಮ್ಮ ಕುರ್ಚಿಯನ್ನು ನನ್ನ ಕಡೆ ತಿರುಗಿಸಿಕೊಂಡು, ಅವಸರವಿಲ್ಲದೆ ಹೇಳಿದರು.

"ಇದಕ್ಕ ಲೇಜಿ ಐ ಅಂತಾರ್ರಿ. ಕಣ್ಣಿಂದ ತಪ್ಪಿಲ್ಲ, ಮೆದುಳು ಈ ಕಣ್ಣಿನ ಮಾತ ಕೇಳೂದು ಬಿಟ್ಟೈತಿ. ಕಣ್ಣಿಗೆ ಹಾಕಾಕ ಚಾಳೀಸು ಕೊಡ್ತೀನಿ. ಜೊತಿಗೆ ದಿನಾ ಕೆಲವು ತಾಸು ಛಲೋ ಕಣ್ಣಿಗೆ ಪಟ್ಟಿ ಹಚ್ರಿ, ಈ ಕಣ್ಣು ದುಡೀಲಿ. ಪಟ್ಟಿ ಹಚ್ಚಿದಾಗ ಸುಮ್ಮನ ಕುಂದ್ರಸಬ್ಯಾಡ್ರಿ, ಸಣ್ಣ ಸಣ್ಣ ಸಾಮಾನ ಹತ್ರ ಹಿಡಿದು ನೋಡೂ ಆಟ ಆಡಸ್ರಿ. ಈಗ ಕಲೀತೈತಿ. ದೊಡ್ಡಾಕಿ ಆದಮ್ಯಾಲೆ ಮಾಡ್ತೀವಂದ್ರ ಭಾಳ ಕಷ್ಟ ಐತಿ."

ಕೊನೆಯ ಮಾತೊಂದೇ ನನ್ನ ಕಿವಿಯಲ್ಲಿ ಉಳಿಯಿತು. ಮೊದಲೇ ನಾನು ಕುಳಿತಲ್ಲಿ ಕುಳಿತುಕೊಳ್ಳುವ ಹೆಂಗಸಲ್ಲ. ಅವತ್ತಿನಿಂದ ಮಗಳು ಬೆಳೆಯುವುದೇ ನನಗೆ ಹೆದರಿಕೆಯಾಯಿತು. ಅವಳ ಲಂಗ ಗಿಡ್ಡವಾದರೆ, ಚಪ್ಪಲಿ ಬಿಗಿಯಾದರೆ ನನ್ನ ಎದೆ ಧಸಕ್ಕೆನ್ನುತ್ತಿತ್ತು. ಮುನಿರಾಬಾದಿನ ನೀರಾವರಿ ಕಚೇರಿಯಲ್ಲಿ ನನ್ನ ನೌಕರಿ. ದಿನವೂ ಕೊಪ್ಪಳದಿಂದ ಹೋಗಿಬರುವ ಬಸ್ಸಿನಲ್ಲಿ ಕಂಡ ಮಕ್ಕಳ ಕಣ್ಣನ್ನೆಲ್ಲ ದಿಟ್ಟಿಸಿ ನೋಡುತ್ತಿದ್ದೆ. ಒಬ್ಬ ತಾಯಿ ದೃಷ್ಟಿಯಾದೀತೆಂದು ಮಗುವನ್ನು ಸೆರಗಿನೊಳಗೆ ಮುಚ್ಚಿಕೊಂಡಳು.

ಪಟ್ಟಿ ಹಚ್ಚುವುದು ಹೇಳಿದಷ್ಟು ಸುಲಭವಿರಲಿಲ್ಲ. ಒಳ್ಳೆಯ ಕಣ್ಣು ಮುಚ್ಚಿದ ಕೂಡಲೇ ಅವಳಿಗೆ ಮನೆಯೆಲ್ಲ ಮಸುಕಾಗುತ್ತಿತ್ತು. ತಾಟಿನಲ್ಲಿ ಚಟ್ನಿ ಎಲ್ಲಿ, ಪಲ್ಯ ಎಲ್ಲಿ ಎಂದು ತಡಕಾಡುತ್ತಿದ್ದಳು. ಶಾಲೆಯಲ್ಲಿ ಹುಡುಗರು "ಒಕ್ಕಣ್ಣಿ" ಅಂದರಂತೆ. ಶಾಲೆಗೆ ಬೇಡ, ಮನೆಗೆ ಬಂದ ಮೇಲೆ ಹಚ್ಚೋಣವೆಂದು ಬದಲಾಯಿಸಿದೆ. ಅಲ್ಲಿ ನನ್ನ ಅತ್ತೆ ಇದ್ದರು.

ಅತ್ತೆ ಕೆಟ್ಟವರಲ್ಲ, ಆದರೆ ಮರುಕ ಬಂದರೆ ಅವರಿಗೆ ಬುದ್ಧಿ ಕೆಲಸ ಮಾಡುವುದಿಲ್ಲ. "ಲೇಜಿ ಅಂದ್ರ ಸೋಮಾರಿ ಅಂತಲ್ಲ? ನಮ್ಮ ಮನಿತನದಾಗ ಸೋಮಾರಿಗಳು ಯಾರದಾರವ್ವ?" ಎಂದು ಡಾಕ್ಟರರ ಮೇಲೇ ಸಿಟ್ಟಾಗಿದ್ದರು. ಒಂದು ಸಂಜೆ ಮಗಳ ಪಟ್ಟಿ ತೆಗೆಯುವಾಗ ಅದರ ಅಂಟಿನ ತುಂಬ ಬೆಳ್ಳಗೆ ಜೋಳದ ಹಿಟ್ಟು ಮೆತ್ತಿತ್ತು. ಪಟ್ಟಿ ಕಣ್ಣಿನ ಮೇಲಿದ್ದರೆ ಅಂಟಿಗೆ ಹಿಟ್ಟು ಹೇಗೆ ಬರುತ್ತದೆ? ಅತ್ತೆ ರೊಟ್ಟಿ ಬಡಿಯುವ ಕೈಯಲ್ಲೇ ಅದನ್ನು ಕಿತ್ತು ಗೋಡೆಗೆ ಹಚ್ಚಿಟ್ಟು, ನನ್ನ ಬಸ್ಸು ಬರುವ ಹೊತ್ತಿಗೆ ಮತ್ತೆ ಕಣ್ಣಿಗೆ ಹಚ್ಚುತ್ತಿದ್ದರು. ಅಜ್ಜಿ ಮೊಮ್ಮಗಳು ಸೇರಿ ಮಾಡಿಕೊಂಡ ಒಪ್ಪಂದ ಅದು.

"ದೀಪ ಹಚ್ಚೂ ಹೊತ್ತಿನ್ಯಾಗ ಮನಿ ಹೆಣ್ಮಗಳು ಕಣ್ಣ ಮುಚಗೊಂಡು ಕುಂದ್ರಬಾರದವ್ವ," ಎಂದರು ಸಿಕ್ಕಿಬಿದ್ದ ಮೇಲೆ. "ಮತ್ತ ಮಂದಿ ಬಂದಾಗ ಹೆಂಗ ಕಾಣತೈತಿ?"

ನಾನು ಕೂಗಾಡಿದೆ. ನನ್ನ ಗಂಡನದು ಬೀಜ ಗೊಬ್ಬರದ ಅಂಗಡಿ. ಮಳೆ ಬಾರದಿದ್ದರೂ, ಬಂದು ಕೊಚ್ಚಿಕೊಂಡು ಹೋದರೂ ಅವರ ಬಾಯಲ್ಲಿ ಒಂದೇ ಮಾತು. "ಆಗತೈತಿ ಬಿಡು." ಅವತ್ತೂ ಅದನ್ನೇ ಅಂದರು. ಆ ಮಾತು ಕೇಳಿದರೆ ನನಗೆ ಮೈಯೆಲ್ಲ ಉರಿ. ಆಗುವುದು ತನ್ನಷ್ಟಕ್ಕೆ ಆಗುವುದಿಲ್ಲ, ಯಾರಾದರೂ ಓಡಾಡಿ ಮಾಡಬೇಕಾಗುತ್ತದೆ, ಮತ್ತು ಆ ಯಾರಾದರೂ ಯಾವಾಗಲೂ ನಾನೇ.

ಓಡಾಡಿದೆ. ಪಟ್ಟಿಯನ್ನು ಮರೆಸುವಂಥ ಆಟಿಕೆ ಸಿಕ್ಕರೆ ಅಜ್ಜಿಯ ಮರುಕವನ್ನೂ ಹುಡುಗರ ಮಾತನ್ನೂ ಗೆಲ್ಲಬಹುದು ಅನ್ನುವುದು ನನ್ನ ಲೆಕ್ಕ. ನೋಡುವ ಆಸೆ ಹುಟ್ಟಬೇಕು. ಆಸೆ ಹುಟ್ಟಿದರೆ ಕಣ್ಣು ತಾನೇ ದುಡಿಯುತ್ತದೆ.

ತವರು ಕುಷ್ಟಗಿಗೆ ಹೋದಾಗ ಅಲ್ಲಿನ ಅಂಗಡಿಯಲ್ಲಿ ಜ್ವಾಲಾಮುಖಿ ಸಿಕ್ಕಿತು. ಕೆಂಪು ಪ್ಲಾಸ್ಟಿಕ್ಕಿನ ಗುಡ್ಡ, ಮೇಲೊಂದು ತೂತು, ಸೋಡಾ ಹಾಕಿ ನಿಂಬೆಹಣ್ಣಿನ ರಸ ಸುರಿದರೆ ಬುಸ್ಸೆಂದು ನೊರೆ. ಮಗಳು ಚಪ್ಪಾಳೆ ತಟ್ಟಿದಳು. ಒಂದು ಸೀನು ಬಂದು ಹೋಗುವಷ್ಟರಲ್ಲಿ ಎಲ್ಲ ಮುಗಿದಿತ್ತು, ಉಳಿದದ್ದು ನೆಲ ಒರೆಸುವ ಕೆಲಸ. ಕಣ್ಣು ನೆಟ್ಟು ನೋಡುವಂಥದ್ದು ಅದರಲ್ಲಿ ಏನೂ ಇರಲಿಲ್ಲ. ತಳಕಲ್ಲಿನ ನಾದಿನಿಯ ಮನೆಗೆ ಹೋದವಳು ಸುಮ್ಮನೆ ತಿರುಗಿ ಬರಲಾರದೆ ಯಲಬುರ್ಗಾದವರೆಗೂ ಹೋಗಿ ಒಂದು ದೂರದರ್ಶಕ ತಂದೆ. ಒಂದೇ ಕಣ್ಣಿನಲ್ಲಿ ನೋಡುವ ಸಾಮಾನು! ಎಷ್ಟು ಜಾಣೆ ನಾನು ಎಂದು ಬಸ್ಸಿನುದ್ದಕ್ಕೂ ನನ್ನ ಬೆನ್ನು ನಾನೇ ತಟ್ಟಿಕೊಂಡೆ. ಮನೆಗೆ ಬಂದು ಕೈಗೆ ಕೊಟ್ಟರೆ, ಮಗಳು ಅದನ್ನು ಎತ್ತಿ ಸೀದಾ ಬಲಗಣ್ಣಿಗೆ ಹಿಡಿದಳು. ಅವಳ ತಪ್ಪೇನು? ಒಂದೇ ಕಣ್ಣಿನ ಸಾಮಾನು ಕೊಟ್ಟರೆ ಯಾರಾದರೂ ಕಾಣುವ ಕಣ್ಣಿಗೇ ಹಿಡಿಯುತ್ತಾರೆ. ಪಟ್ಟಿ ಹಚ್ಚಿ ಎಡಗಣ್ಣಿಗೆ ಹಿಡಿಸಿದರೆ ದೂರದ ಗುಡ್ಡವೂ ಒಂದೇ, ಎದುರಿನ ನೀರಿನ ಟಾಕಿಯೂ ಒಂದೇ. ಎರಡು ದಿನದಲ್ಲಿ ಅದು ಮಂಚದ ಕೆಳಗೆ ಉರುಳಿತು.

ಮತ್ತೆ ಗಂಗಾವತಿಗೆ ಹೋಗಬೇಕಾಗಿ ಬಂದಾಗ ಡಾಕ್ಟರು ಎಡಗಣ್ಣು ಇದ್ದಲ್ಲೇ ಇದೆ ಎಂದರು. ಬೈಯಲಿಲ್ಲ. ಬೈದಿದ್ದರೆ ನನಗೆ ಹಗುರವಾಗುತ್ತಿತ್ತೋ ಏನೋ. ಆಸ್ಪತ್ರೆಯಿಂದ ಬಸ್ ಸ್ಟ್ಯಾಂಡಿಗೆ ಬರುವ ದಾರಿಯಲ್ಲಿ ಪುಸ್ತಕ, ಪೆನ್ನು, ಆಟಿಕೆ ಎಲ್ಲ ಒಟ್ಟಿಗೆ ಮಾರುವ ಒಂದು ಅಂಗಡಿ ಕಂಡಿತು. ಮಾಲೀಕರು ಫೋನಿನಲ್ಲಿ ತೆಲುಗಿನಲ್ಲಿ ಯಾರ ಜೊತೆಗೋ ಭತ್ತದ ಮಾತಾಡುತ್ತಿದ್ದರು. ಗಾಜಿನ ಕಪಾಟಿನಲ್ಲಿ ಇದ್ದ ಮೈಕ್ರೋಸ್ಕೋಪನ್ನು ನಾನು ಬೆರಳು ಮಾಡಿ ತೋರಿಸಿದರೆ, ಮಾತು ನಿಲ್ಲಿಸದೆಯೇ ಕೆಳಗಿಳಿಸಿ, ಡಬ್ಬಿ ಬಿಚ್ಚಿ, ಸೆಲ್ ಹಾಕಿ, ನನ್ನ ಮುಂದೆ ಸರಿಸಿದರು. ಬಿಚ್ಚಲು ಬಿಟ್ಟ ಮೊದಲ ಅಂಗಡಿ ಅದು.

ಬಗ್ಗಿ ನೋಡಿದೆ. ಗಾಜಿನ ಪಟ್ಟಿಯ ಚೀಟಿಯ ಪ್ರಕಾರ ಅದು ನೊಣದ ರೆಕ್ಕೆ. ಗೆರೆಗೆ ಗೆರೆ ಕೂಡಿ, ಗಾಜಿನಂಥ ಒಂದು ಬಲೆ. ಅಡುಗೆಮನೆಯಲ್ಲಿ ನಾನು ದಿನವೂ ಟವೆಲ್ಲಿನಿಂದ ಹೊಡೆದೋಡಿಸುವ ನೊಣ ಇಂಥದ್ದನ್ನು ಬೆನ್ನ ಮೇಲೆ ಹೊತ್ತು ತಿರುಗುತ್ತದೆಯೇ? ಹಿಂದೆ ನಿಂತ ಗಿರಾಕಿ ಗಂಟಲು ಸರಿಮಾಡಿಕೊಳ್ಳುವವರೆಗೂ ನಾನು ತಲೆ ಎತ್ತಲಿಲ್ಲ. ಇದೇ ಸರಿ ಎಂದು ಮನಸ್ಸು ಹೇಳಿತು, ಕೊಂಡುಕೊಂಡೆ.

ಮನೆಯಲ್ಲಿ ಅದಕ್ಕೆ "ದುರ್ಬೀನು" ಎಂದು ಹೆಸರಾಯಿತು. ನಮ್ಮ ಕಡೆ ಹಿರಿಯರಿಗೆ ಗಾಜಿನೊಳಗಿಂದ ನೋಡುವುದೆಲ್ಲ ದುರ್ಬೀನೇ. ಮೊದಲ ಸಂಜೆ ನಾನೇ ಉಳ್ಳಾಗಡ್ಡಿಯ ತೆಳ್ಳನೆಯ ಪರೆ ಬಿಡಿಸಿ ಗಾಜಿನ ಮೇಲೆ ಇಟ್ಟೆ. ಮಗಳ ಬಲಗಣ್ಣಿಗೆ ಪಟ್ಟಿ ಹಚ್ಚಿ, ಹಿಂದೆ ನಿಂತು ತಲೆ ಹಿಡಿದು ಬಗ್ಗಿಸಿದೆ.

"ಇಟ್ಟಿಗಿ ಜೋಡಿಸಿದಂಗ ಕಾಣಸ್ತೈತಿ ನೋಡು. ಕಾಣಸ್ತೈತೇನ?"

ಅವಳು ಕೊಳವೆಗೆ ಕಣ್ಣನ್ನು ಇನ್ನಷ್ಟು ಒತ್ತಿದಳು. "ಕಾಣಸ್ತೈತಿ," ಎಂದಳು.

"ಹೆಂಗ ಕಾಣಸ್ತೈತಿ?"

"ಇಟ್ಟಿಗಿ ಜೋಡಿಸಿದಂಗ."

ನಾನು ಅವಳನ್ನು ಎತ್ತಿ ಮುದ್ದಾಡಿದೆ. ಕಣ್ಣಲ್ಲಿ ನೀರೇ ಬಂತು. ಮಾರನೆಯ ದಿನ ಕಚೇರಿಯಲ್ಲಿ ಎಲ್ಲರ ಮುಂದೆ ಹೇಳಿಕೊಂಡೆ, ಸಿಹಿಯನ್ನೂ ಹಂಚಿದೆ. ಆಮೇಲೆ ಅದೇ ದಿನಚರಿಯಾಯಿತು. ನಾನು ಬಂದು ಸಾರಿಗೆ ಒಗ್ಗರಣೆ ಹಾಕುವಾಗ ಅವಳು ಪಡಸಾಲೆಯಲ್ಲಿ ದುರ್ಬೀನಿನ ಮುಂದೆ ಕೂರುತ್ತಿದ್ದಳು. "ಇವತ್ತೇನ ನೋಡಾಕತ್ತಿ? ಬೇವಿನ ಎಲಿ? ಹಸರ ಗೆರಿ ಕಾಣಸ್ತಾವೇನು?" ಎಂದು ನಾನು ಅಡುಗೆಮನೆಯಿಂದಲೇ ಕೇಳುತ್ತಿದ್ದೆ. "ಕಾಣಸ್ತಾವು, ಹಸರ ಗೆರಿ," ಎಂದು ಅವಳು ಕೂಗುತ್ತಿದ್ದಳು. ಹಗಲು ಹೊತ್ತು ಅದು ಅತ್ತೆಯ ಶೋಕೇಸಿನಲ್ಲಿ, ಕಿನ್ನಾಳದ ಗೊಂಬೆಗಳ ನಡುವೆ, ಬೀಗದ ಹಿಂದೆ ಇರುತ್ತಿತ್ತು. ನಮ್ಮ ಮನೆಗಳಲ್ಲಿ ಒಳ್ಳೆಯ ಆಟಿಕೆ ಆಡುವುದಕ್ಕಲ್ಲ, ಬಂದವರು ನೋಡುವುದಕ್ಕೆ. ನಾನು ಅದಕ್ಕೂ ಜಗಳ ತೆಗೆಯಲಿಲ್ಲ. ಮಗಳಿಗೆ ಕಾಣುತ್ತಿದೆ, ಇನ್ನೇನು ಬೇಕು?

ಹಾಗಂತ ನೆಮ್ಮದಿ ಇತ್ತೇ? ಇರಲಿಲ್ಲ. ಪಟ್ಟಿ ಹಚ್ಚಿಕೊಂಡು ಊಟಕ್ಕೆ ಕುಳಿತಾಗ ಅವಳ ಕೈ ಇನ್ನೂ ಚಟ್ನಿಗಾಗಿ ತಡಕಾಡುತ್ತಿತ್ತು. ಉಳ್ಳಾಗಡ್ಡಿಯ ಪರೆಯಲ್ಲಿ ಇಟ್ಟಿಗೆ ಕಾಣುವ ಕಣ್ಣಿಗೆ ತಾಟಿನಲ್ಲಿ ಚಟ್ನಿ ಯಾಕೆ ಕಾಣುವುದಿಲ್ಲ? ಈ ಪ್ರಶ್ನೆ ನನ್ನೊಳಗೆ ಕೊರೆಯುತ್ತಿತ್ತು. ಆದರೆ ಅದಕ್ಕೆ ಎದುರಾಗಿ ನಿಲ್ಲುವ ಧೈರ್ಯ ನನಗಾಗಲಿಲ್ಲ. ಒಳ್ಳೆಯ ಸುದ್ದಿಯನ್ನು ಯಾರು ಕೆದಕುತ್ತಾರೆ?

ಮಹಾನವಮಿ ಬಂತು. ಮನೆಯ ಆಯುಧಗಳನ್ನೆಲ್ಲ ತೊಳೆದು ಸಾಲಾಗಿ ಇಟ್ಟು ಪೂಜೆ ಮಾಡುವುದು ಅತ್ತೆಯ ಕೆಲಸ. ಕುಡುಗೋಲು, ಅಂಗಡಿಯ ತಕ್ಕಡಿ, ಮಿಕ್ಸರು, ಈಳಿಗೆ, ಹೊರಗೆ ನಿಂತ ಗಾಡಿ. ಆ ಸಾಲಿನಲ್ಲಿ ಆ ವರ್ಷ ದುರ್ಬೀನೂ ಕುಳಿತಿತ್ತು. ಎಲ್ಲದಕ್ಕೂ ಮೂರು ಬೆರಳಿನ ವಿಭೂತಿ, ನಡುವೆ ಕುಂಕುಮ, ಮೇಲೊಂದು ಚೆಂಡುಹೂವು. ಅತ್ತೆ ಭಕ್ತಿಯಿಂದ ಮಾಡುವ ಕೆಲಸವನ್ನು ಅರೆಬರೆ ಮಾಡುವವರಲ್ಲ.

ಮರುದಿನ ಸಂಜೆ ಬನ್ನಿ ಕೊಡಲು ಜನ ಬರತೊಡಗಿದರು. ಬನ್ನಿ ಎಲೆ ಕೈಗಿಟ್ಟು "ಬನ್ನಿ ತಗೊಂಡು ಬಂಗಾರದ್ಹಂಗ ಇರೂಣ್ರಿ" ಎನ್ನುವುದು, ಹಿರಿಯರ ಕಾಲು ಮುಟ್ಟುವುದು, ಕುಳಿತು ಚಹಾ ಕುಡಿಯುವುದು. ಅತ್ತೆ ಶೋಕೇಸಿನ ಬೀಗ ತೆಗೆದು ದುರ್ಬೀನನ್ನು ಟೀಪಾಯಿಯ ಮೇಲೆ ಇಟ್ಟರು. ಹಬ್ಬವಿದ್ದರೂ ನಾನು ಹಠ ಹಿಡಿದು ಮಗಳಿಗೆ ಪಟ್ಟಿ ಹಚ್ಚಿದ್ದೆ. ಅವಳು ಹೊಸ ಫ್ರಾಕು ಹಾಕಿಕೊಂಡು ಅದರ ಪಕ್ಕ ನಿಂತು ಬಂದವರಿಗೆಲ್ಲ "ಇದು ನೊಣದ ರೆಕ್ಕಿ, ನೋಡ್ರಿ" ಅನ್ನುತ್ತಿದ್ದಳು.

ಮೊದಲು ಪಕ್ಕದ ಮನೆಯ ನಿವೃತ್ತ ಮಾಸ್ತರು ಟೋಪಿ ತೆಗೆದು ಬಗ್ಗಿದರು. "ವಾಹ್! ಭಾಳ ಛಲೋ ಕಾಣಸ್ತೈತಿ," ಎಂದರು. ಅವರ ಹೆಂಡತಿ ಸೆರಗು ಸರಿಮಾಡಿಕೊಂಡು ಬಗ್ಗಿ, "ಯವ್ವಾ, ಏನ ಚೆಂದ ಕಾಣಸ್ತೈತಿ!" ಎಂದರು. ಗಂಡನ ಅಂಗಡಿಗೆ ಬರುವ ರೈತರಿಬ್ಬರು ನೋಡಿದರು. "ಹೌದ್ರಿ, ಕಾಣಸ್ತೈತ್ರಿ, ಎಲ್ಲಾ ಕಾಣಸ್ತೈತ್ರಿ." ನನ್ನ ಗಂಡ ಎಲ್ಲರ ಜೊತೆ ತಾವೂ ಒಮ್ಮೆ ಬಗ್ಗಿ ನೋಡಿ ತಲೆಯಾಡಿಸಿದರು. ಒಬ್ಬರಾದ ಮೇಲೆ ಒಬ್ಬರು ನೋಡುತ್ತಿದ್ದರು, ಹೊಗಳುತ್ತಿದ್ದರು, ಚಹಾದ ಕಪ್ಪು ಕೈಗೆತ್ತಿಕೊಳ್ಳುತ್ತಿದ್ದರು. ಮಗಳ ಮುಖ ಅರಳಿತ್ತು. ನನಗೂ ಒಮ್ಮೆ ಆ ರೆಕ್ಕೆಯನ್ನು ನೋಡುವ ಆಸೆಯಾಗಿ, ಟ್ರೇ ಕೆಳಗಿಟ್ಟು ಬಗ್ಗಿದೆ.

ಒಳಗೆ ಕತ್ತಲೆ. ಬೂದುಬಣ್ಣದ ಕತ್ತಲೆ, ಬೇರೇನೂ ಇಲ್ಲ. ಕೆಳಗಿನ ದೀಪ ಉರಿಯುತ್ತಿರಲಿಲ್ಲ. ಕೆಳಗಿನ ಗಾಜಿನ ಮೇಲೆ ಅತ್ತೆಯ ವಿಭೂತಿ ದಪ್ಪಗೆ ಒಣಗಿ ಕುಳಿತಿತ್ತು. ಅದರಲ್ಲಿ ಯಾರಿಗೂ, ಯಾವ ಕಣ್ಣಿಗೂ, ಏನೂ ಕಾಣಲು ಸಾಧ್ಯವೇ ಇರಲಿಲ್ಲ.

ತಲೆ ಎತ್ತಿದೆ. ಎಲ್ಲರೂ ಚಹಾ ಕುಡಿಯುತ್ತಿದ್ದರು. ಗಂಡನನ್ನು ಒಳಗೆ ಕರೆದೆ.

"ನೀವು ಈಗ ಏನ ನೋಡಿದ್ರಿ ಅದರಾಗ?"

"ನೊಣದ ರೆಕ್ಕಿ."

"ಕಾಣಸ್ತೇನು?"

"ಎಲ್ಲಾರೂ ಕಾಣಸ್ತೈತಿ ಅಂದ್ರಲ್ಲ."

"ದೀಪ ಯಾಕ ಹತ್ತವಲ್ದು?"

ಅವರು ತಲೆ ಕೆರೆದುಕೊಂಡರು. "ಸೆಲ್ ನಾನ ತಗದೀನಿ. ಗ್ವಾಡಿ ಗಡಿಯಾರ ನಿಂತಿತ್ತು. ಹೋದ ವಾರ."

ಹೋದ ವಾರ. ಅಂದರೆ ಒಂದು ವಾರದಿಂದ ದಿನವೂ ಸಂಜೆ ನನ್ನ ಮಗಳು ಬೆಳಕೇ ಇಲ್ಲದ ಕೊಳವೆಯೊಳಗೆ ಕಣ್ಣಿಟ್ಟು ಹಸಿರು ಗೆರೆ, ಕೆಂಪು ಚುಕ್ಕೆ, ಇಟ್ಟಿಗೆಯ ಸಾಲು ಎಂದು ನನಗೆ ಕೂಗಿ ಹೇಳಿದ್ದಳು. ಅದಕ್ಕೂ ಮುಂಚೆ ಹೇಳಿದ್ದೂ ಸುಳ್ಳೇ ಇರಬೇಕು. ದಿನಗಳು ಹೋಗಿದ್ದವು, ಕಣ್ಣು ಇದ್ದಲ್ಲೇ ಇತ್ತು, ನಾನು ಸಿಹಿ ಹಂಚಿದ್ದೆ.

ಬಂದವರು ಹೋದ ಮೇಲೆ ನಾನು ಮನೆಯೇ ಹಾರಿಹೋಗುವಂತೆ ಕೂಗಾಡಿದೆ. ಸುಳ್ಳುಗಾರರ ಮನೆ ಇದು ಎಂದೆ, ಮಾಸ್ತರಾದವರೂ ಸುಳ್ಳು ಹೇಳುತ್ತಾರಲ್ಲ ಎಂದೆ. ಅತ್ತೆ ಬನ್ನಿ ಎಲೆ ಆಯುತ್ತ ಶಾಂತವಾಗಿ ಹೇಳಿದರು. "ಹಬ್ಬಕ್ಕ ಬಂದವ್ರು ನಮ್ಮ ಮನ್ಯಾಗ ನಿಂತು ಕಾಣವಲ್ದು ಅಂತ ಹೆಂಗ ಅಂದಾರವ್ವ? ನಮಗ ಬ್ಯಾಸರ ಆಗಬಾರದು ಅಂತ ಅಂದಾರ. ಅದರಾಗ ತಪ್ಪೇನೈತಿ?"

ಅದರಲ್ಲಿ ತಪ್ಪೇನೂ ಇರಲಿಲ್ಲ, ಅದೇ ನನ್ನನ್ನು ಸುಟ್ಟಿತು. ಒಂದು ಮನೆಗೆ ಹೋದಾಗ ಉಪ್ಪಿಟ್ಟಿಗೆ ಉಪ್ಪಿಲ್ಲದಿದ್ದರೂ ಛಲೋ ಆಗಿದೆ ಅನ್ನುವುದು, ಕೂಸು ಕಪ್ಪಗಿದ್ದರೂ ಸಣಕಲಾಗಿದ್ದರೂ ಚೆಂದವಿದೆ ಅನ್ನುವುದು ನಮ್ಮ ನಡೆ. ನಾನೂ ಹಾಗೆಯೇ ಬೆಳೆದವಳು. ಮಗಳೂ ಅದನ್ನೇ ಕಲಿತಿದ್ದಳು.

ಮರುದಿನ ಬೆಳಿಗ್ಗೆ ರಜೆ. ಅತ್ತೆ ಮಾಳಿಗೆ ಗುಡಿಸುತ್ತಿದ್ದರು. ಕಬ್ಬಿಣದ ಕಾರ್ಖಾನೆಗಳ ಕಡೆಯಿಂದ ಗಾಳಿ ಬೀಸಿದ ದಿನ ನಮ್ಮ ಮಾಳಿಗೆಯ ಮೇಲೆ ಕರಿ ಧೂಳು ಕೂರುತ್ತದೆ, ಒಣಗಲು ಹಾಕಿದ ಸಂಡಿಗೆಯ ಮೇಲೂ ಕೂರುತ್ತದೆ. ಅತ್ತೆ ದಿನವೂ ಅದನ್ನು ಬೈಯುತ್ತ ಗುಡಿಸುತ್ತಾರೆ. ಮಗಳು ಪಟ್ಟಿ ಹಚ್ಚಿಕೊಂಡು, ಪೆನ್ಸಿಲ್ ಡಬ್ಬಿ ಹಿಡಿದು ಕಟ್ಟೆಯ ಮೇಲೆ ಕುಳಿತಿದ್ದಳು. ನಾನು ಅವಳ ಪಕ್ಕ ಕುಳಿತೆ. ಬೈಯಬಾರದು ಎಂದು ನಿಶ್ಚಯ ಮಾಡಿಕೊಂಡೇ ಮೇಲೆ ಹತ್ತಿದ್ದೆ.

"ದುರ್ಬೀನಿನಾಗ ನಿನಗ ಒಂದ ದಿನಾನೂ ಕಂಡಿಲ್ಲ, ಹೌದಲ್ಲ?"

ಅವಳು ಡಬ್ಬಿಯ ಮುಚ್ಚಳ ತೆಗೆದಳು, ಹಾಕಿದಳು, ತೆಗೆದಳು. "ಬೆಳ್ಳಗ ಕಾಣಸ್ತಿತ್ತು. ಬರೇ ಬೆಳ್ಳಗ. ಆಮ್ಯಾಲೆ ಕರ್ರಗ."

"ಮತ್ತ ಯಾಕ ಸುಳ್ಳ ಹೇಳಿದಿ?"

"ಕಾಣವಲ್ದು ಅಂದ್ರ ನೀ ಮುಖ ಸಣ್ಣ ಮಾಡ್ತಿ. ಕಾಣಸ್ತೈತಿ ಅಂದ್ರ ನಗ್ತಿ."

ಊರೂರು ತಿರುಗಿ ಅವಳಿಗಾಗಿ ಆಟಿಕೆ ಹುಡುಕಿದೆನೆಂದುಕೊಂಡಿದ್ದೆ. ಅವಳು ಮನೆಯಲ್ಲೇ ಕುಳಿತು ನನ್ನ ಮುಖ ಸಂಭಾಳಿಸುತ್ತಿದ್ದಳು. ಏಳು ವರ್ಷದ ಮಗು ಒಂದು ಕಣ್ಣಿನಲ್ಲಿ ಜಗತ್ತನ್ನೇ ನೋಡಲಾರದೆ ಒದ್ದಾಡುತ್ತ ನನ್ನ ಮುಖವನ್ನು ಮಾತ್ರ ಸರಿಯಾಗಿ ನೋಡಿತ್ತು. ನನಗೆ ಅಳು ಬಂತು, ಗಟ್ಟಿಯಾಗಿಯೇ ಅತ್ತುಬಿಟ್ಟೆ. ಅವಳು ಗಾಬರಿಯಾಗಿ ಎದ್ದಳು, ತೊಡೆಯ ಮೇಲಿದ್ದ ಡಬ್ಬಿ ಧೂಳಿನಲ್ಲಿ ಬಿದ್ದು ಚೆಲ್ಲಾಪಿಲ್ಲಿಯಾಯಿತು.

ಪೆನ್ಸಿಲ್ಲುಗಳನ್ನು ತಡಕಾಡಿ ಆರಿಸಿದಳು. ಕೊನೆಗೆ ಡಬ್ಬಿ ಎತ್ತಿಕೊಂಡು ಮುಚ್ಚಳದ ಅಂಚನ್ನು ಬೆರಳಿನಿಂದ ಸವರಿದವಳು ನಿಂತುಬಿಟ್ಟಳು. ಮತ್ತೊಮ್ಮೆ ಸವರಿದಳು. ಅದನ್ನು ಎಡಗಣ್ಣಿನ ಹತ್ತಿರ, ಮೂಗಿಗೆ ತಾಗುವಷ್ಟು ಹತ್ತಿರ ತಂದು, ಬಿಸಿಲಿಗೆ ಹಿಡಿದಳು.

"ಮಮ್ಮಿ, ಇದಕ್ಕ ಗಡ್ಡ ಬಂದೈತಿ!"

ನಾನು ಮೊದಲು ಮಾಡಿದ್ದು ಅದನ್ನು ಕಸಿದುಕೊಂಡದ್ದು. ಕಣ್ಣಿಗೆ ಧೂಳು ಹಾರೀತೆಂದು ಜೀವ ಹೋಗಿತ್ತು. ಕಸಿದುಕೊಂಡು ನೋಡಿದರೆ ನಿಜ, ಮುಚ್ಚಳ ಅಂಟಿಕೊಳ್ಳಲೆಂದು ಹಾಕಿದ ಸಣ್ಣ ಅಯಸ್ಕಾಂತದ ಸುತ್ತ ಕರಿ ಧೂಳು ಕೂದಲು ಕೂದಲಾಗಿ ಎದ್ದು ನಿಂತಿತ್ತು. ನಾನು ಏನೂ ಹೇಳಿಕೊಟ್ಟಿರಲಿಲ್ಲ, ಏನು ಕಾಣುತ್ತದೆ ಎಂದು ಕೇಳಿಯೂ ಇರಲಿಲ್ಲ. ಅದು ಅವಳೇ ನೋಡಿದ ಗಡ್ಡ.

ಅತ್ತೆಯ ಖಾಲಿ ಗುಳಿಗೆ ಶೀಶೆ ತಂದು, ಅದರಲ್ಲಿ ಆ ಧೂಳು ತುಂಬಿ, ಬಿಗಿಯಾಗಿ ಮುಚ್ಚಿಕೊಟ್ಟೆ. ಶೀಶೆಯ ಹೊರಗೆ ಅಯಸ್ಕಾಂತ ಆಡಿಸಿದರೆ ಒಳಗೆ ಕರಿ ಗಡ್ಡ ಎದ್ದು ನಡೆಯುತ್ತದೆ, ಬೀಳುತ್ತದೆ, ಎರಡಾಗುತ್ತದೆ. ಗುಡಿಸುವುದನ್ನು ನಿಲ್ಲಿಸಿ ಅತ್ತೆಯೂ ಬಂದರು. ಮಗಳು ಶೀಶೆಯನ್ನು ಅವರ ಮುಖದ ಮುಂದೆ ಹಿಡಿದಳು. ಅತ್ತೆ ಕಣ್ಣು ಕಿರಿದು ಮಾಡಿ ನೋಡಿದರು, ನನ್ನನ್ನು ನೋಡಿದರು, ಮತ್ತೆ ಶೀಶೆ ನೋಡಿದರು.

"ನನಗ ಏನೂ ಕಾಣವಲ್ದವ್ವ," ಎಂದರು.

ಮಗಳು ಬೆರಗಾಗಿ ಅವರನ್ನೇ ನೋಡಿದಳು. ಆಮೇಲೆ ಕಿಲಕಿಲ ನಕ್ಕಳು. "ಅಜ್ಜಿ, ನಿಂದೂ ಎಡಗಣ್ಣೇನು?"

"ನಂದು ಎರಡೂ ಎಡಗಣ್ಣ ಆಗ್ಯಾವು. ಕೆಳಗ ಬಿಳಿ ಕಾಗದ ಹಿಡಿ, ನೋಡೂಣು."

ಬಿಳಿ ಕಾಗದ ಹಿಡಿದ ಮೇಲೆ ಅತ್ತೆಗೂ ಕಂಡಿತು. ಅವತ್ತಿನಿಂದ ಆಟದ ನೇಮವೇ ಬದಲಾಯಿತು. ಕಾಣದಿದ್ದರೆ ಕಾಣವಲ್ದು ಅನ್ನಬೇಕು. ಯಾರು ಹಾಗೆಂದರೂ ಶೀಶೆಯನ್ನು ಅವರ ಕಣ್ಣಿಗೆ ಇನ್ನಷ್ಟು ಹತ್ತಿರ ಹಿಡಿಯಬೇಕು. ಅತ್ತೆ ಅಡುಗೆಮನೆಯ ಡಬ್ಬಿಗಳನ್ನೆಲ್ಲ ಇಳಿಸಿ ಯಾವುದಕ್ಕೆ ಅಯಸ್ಕಾಂತ ಅಂಟುತ್ತದೆ, ಯಾವುದಕ್ಕೆ ಇಲ್ಲ ಎಂದು ಮೊಮ್ಮಗಳ ಜೊತೆ ಜಗಳವಾಡುತ್ತಿದ್ದರು. ಸಾಸಿವೆಯಲ್ಲಿ ಗುಂಡುಸೂಜಿ ಬಚ್ಚಿಟ್ಟು ಹುಡುಕಿಸುತ್ತಿದ್ದರು. ಪಟ್ಟಿಯನ್ನು ಈಗ ಅವರೇ ಹಚ್ಚುತ್ತಿದ್ದರು, ಕೈ ತೊಳೆದುಕೊಂಡು. ದೀಪ ಹಚ್ಚುವ ಹೊತ್ತಿಗೆ ಮಾತ್ರ ಒಂದು ಗಳಿಗೆ ತೆಗೆಯುತ್ತಿದ್ದರು, ಅಷ್ಟಕ್ಕೆ ನಾನು ಜಗಳಕ್ಕೆ ಹೋಗಲಿಲ್ಲ.

ಚಡಪಡಿಕೆ ಮಾತ್ರ ಹೋಗಲಿಲ್ಲ. "ಕಾಣವಲ್ದು" ಎಂದು ಅವಳು ಅಂದಾಗಲೆಲ್ಲ ನನ್ನ ಮುಖ ಸಣ್ಣದಾಗುತ್ತಿತ್ತು. ಅದು ನನ್ನ ಕೈಯಲ್ಲಿ ಇರಲಿಲ್ಲ. ಅಂಥ ಹೊತ್ತಿನಲ್ಲಿ ಎದ್ದು ಒಳಗೆ ಹೋಗಿ ಪಾತ್ರೆ ತೊಳೆಯುತ್ತಿದ್ದೆ. ನಮ್ಮ ಮನೆಯ ಪಾತ್ರೆಗಳು ಆ ಚಳಿಗಾಲದಲ್ಲಿ ಹೊಳೆದಷ್ಟು ಎಂದೂ ಹೊಳೆದಿರಲಿಲ್ಲ.

ಗಂಗಾವತಿಗೆ ಮತ್ತೆ ಹೋಗುವ ದಿನ ಬಂತು. ಬೂದಗುಂಪಾ ದಾಟಿ, ನಾಟಿಗೆ ನೀರು ನಿಲ್ಲಿಸಿದ ಗದ್ದೆಗಳು ಶುರುವಾದ ಮೇಲೂ ನಾನು ಕಿಟಕಿಯ ಹೊರಗೆ ನೋಡಲಿಲ್ಲ. ಆಸ್ಪತ್ರೆಯಲ್ಲಿ ಜನ ತುಂಬಿದ್ದರು. ಡಾಕ್ಟರರ ಕೋಣೆಯ ಬಾಗಿಲು ತೆರೆದೇ ಇತ್ತು, ಒಳಗೆ ಹೋದವರೆಲ್ಲ ಗೋಡೆಯ ಪರದೆಯ ಮೇಲಿನ ಅಕ್ಷರಗಳನ್ನು ಗಟ್ಟಿಯಾಗಿ ಓದುತ್ತಿದ್ದರು. ಮಗಳು ನನ್ನ ಪಕ್ಕ ಕಾಲಾಡಿಸುತ್ತ ಕುಳಿತಿದ್ದಳು. ನಾನು ಮನಸ್ಸಿನಲ್ಲೇ ದೇವರುಗಳನ್ನು ಒಬ್ಬೊಬ್ಬರನ್ನಾಗಿ ಎಬ್ಬಿಸುತ್ತಿದ್ದೆ.

ನಮ್ಮ ಸರದಿ ಬಂತು. ಡಾಕ್ಟರು ಅವಳ ಬಲಗಣ್ಣು ಮುಚ್ಚಿದರು. ಮೇಲಿನ ದೊಡ್ಡ ಅಕ್ಷರ ಓದಿದಳು. ಎರಡನೆಯ ಸಾಲು ಓದಿದಳು. ಕಳೆದ ಸಲ ಅಲ್ಲಿಗೇ ನಿಂತಿದ್ದಳು. ಮೂರನೆಯ ಸಾಲಿನ ಮೊದಲ ಎರಡು ಅಕ್ಷರ ಪಟಪಟನೆ ಹೇಳಿದಳು. ನಾನು ಕುರ್ಚಿಯ ತುದಿಗೆ ಬಂದಿದ್ದೆ. ಅಷ್ಟರಲ್ಲಿ ಅವಳು ನಿಂತಳು, ಡಾಕ್ಟರರ ಕಡೆ ತಿರುಗಿದಳು.

"ಡಾಕ್ಟರ್ರ, ಈ ಸಾಲು ನನಗ ಬಾಯಿಪಾಠ ಬರ್ತೈತ್ರಿ. ಹೊರಗ ಕುಂತಾಗ ಕೇಳೇನಿ. ನನಗ ಕಾಣವಲ್ದು."

ಅವಳು ನನ್ನ ಕಡೆಗೂ ತಿರುಗಿದಳು, ಮುಖ ನೋಡಲು. ಅದು ಎಷ್ಟು ಸಣ್ಣದಾಗಿತ್ತೋ ನನಗೆ ಗೊತ್ತಿಲ್ಲ. ಅವಳು ಮಾತ್ರ ಮಾತು ಬದಲಿಸಲಿಲ್ಲ.

"ಶಭಾಶ್," ಎಂದರು ಡಾಕ್ಟರು. ಕೈಯಲ್ಲಿದ್ದ ರಿಮೋಟ್ ಒತ್ತಿ ಆ ಸಾಲಿನ ಅಕ್ಷರಗಳನ್ನೇ ಬದಲಿಸಿದರು. "ಈಗ ಹೇಳು. ಅವಸರ ಇಲ್ಲ. ಕಂಡಷ್ಟ ಹೇಳು."

ಅವಳು ಕುತ್ತಿಗೆ ನೆಟ್ಟಗೆ ಮಾಡಿಕೊಂಡು ಕುಳಿತಳು. ಎಡಗಣ್ಣು ಕಿರಿದಾಯಿತು, ಅಗಲವಾಯಿತು, ನೀರಾಡಿತು. ಮೊದಲನೆಯದು ಹೇಳಿದಳು. ಎರಡನೆಯದಕ್ಕೆ ತಲೆಯಾಡಿಸಿ ಕಾಣವಲ್ದು ಎಂದಳು. ಮೂರನೆಯದನ್ನು ಬಹಳ ಹೊತ್ತು ದಿಟ್ಟಿಸಿದಳು. ನನಗೆ ಆ ಅಕ್ಷರ ಬೆಳಗಿನಷ್ಟು ಸ್ಪಷ್ಟವಾಗಿ ಕಾಣುತ್ತಿತ್ತು, ಅದು ನನ್ನ ನಾಲಗೆಯ ತುದಿಗೆ ಬಂದು ಕುಳಿತಿತ್ತು. ಬಾಯಿ ಗಟ್ಟಿಯಾಗಿ ಮುಚ್ಚಿಕೊಂಡೆ.

"ಕಾಣಸ್ತೈತಿ," ಎಂದಳು.

ಅವಳು ಅಕ್ಷರದ ಹೆಸರು ಹೇಳುವ ಮೊದಲೇ ನಾನು ನಂಬಿದ್ದೆ.